ಕುದಿಸಿದರೂ ಹೋಗದ ವಿಷ

ಮನೆಗೆ ಯಾರೇ ಬರಲಿ, ಮೊದಲು ಒಂದು ಲೋಟ ನೀರು ಕೊಡುವುದು ನಮ್ಮ ಪದ್ಧತಿ. ಮಗುವಿಗೆ ಭೇದಿಯಾದರೆ ಡಾಕ್ಟರು ಮೊದಲು ಹೇಳುವ ಮಾತು, "ನೀರನ್ನು ಕುದಿಸಿ ಆರಿಸಿ ಕೊಡಿ." ಕುದಿಸಿದರೆ ನೀರು ಶುದ್ಧವಾಗುತ್ತದೆ ಎಂಬುದು ನಮ್ಮ ತಾಯಂದಿರಿಗೆ ಬಾಯಿಪಾಠ. ಆ ಮಾತು ಸುಳ್ಳಲ್ಲ. ಕುದಿಯುವ ನೀರಿನಲ್ಲಿ ರೋಗಾಣುಗಳು ಸಾಯುತ್ತವೆ.

ಆದರೆ ನೀರಿನಲ್ಲಿರುವ ಎಲ್ಲ ಕೇಡೂ ರೋಗಾಣುಗಳಿಂದ ಬರುವುದಿಲ್ಲ. ಕುದಿಸಿದಷ್ಟೂ ಹೆಚ್ಚು ಗಟ್ಟಿಯಾಗುವ ಒಂದು ವಿಷವಿದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯೂ ಇಲ್ಲ. ಸ್ಫಟಿಕದಂತೆ ತಿಳಿಯಾಗಿ ಹೊಳೆಯುವ ನೀರಿನಲ್ಲಿಯೂ ಅದು ಅಡಗಿರಬಹುದು. ಇಂದು ಕುಡಿದರೆ ನಾಳೆ ಏನೂ ಆಗುವುದಿಲ್ಲ. ಐದು, ಹತ್ತು, ಹದಿನೈದು ವರ್ಷಗಳ ಬಳಿಕ ಮೈಮೇಲೆ ಕಾಣಿಸಿಕೊಳ್ಳುತ್ತದೆ. ಅದರ ಹೆಸರು ಆರ್ಸೆನಿಕ್. ಹಳೆಯ ಕಥೆಗಳಲ್ಲಿ ಶತ್ರುಗಳಿಗೆ ಹಾಕುತ್ತಿದ್ದ ಪಾಷಾಣದ ಮೂಲಧಾತು ಇದೇ.

ಈ ವಿಷವನ್ನು ನೀರಿನಿಂದ ಬೇರ್ಪಡಿಸಲು ಸಾಧ್ಯವೇ? ಖಂಡಿತ ಸಾಧ್ಯ. ಅದಕ್ಕೆ ಹಲವು ವಿಧಾನಗಳಿವೆ. ಕೆಲವಂತೂ ಬಡವರ ಮನೆಯ ಮೂಲೆಯಲ್ಲಿ ಎರಡು ಬಕೆಟ್‌ಗಳಲ್ಲಿ ನಡೆಯುವಂಥವು. ಹಾಗಿದ್ದರೂ ಕೋಟ್ಯಂತರ ಜನ ಇಂದಿಗೂ ಈ ನೀರನ್ನು ಕುಡಿಯುತ್ತಿದ್ದಾರೆ. ಯಾಕೆ? ಇದನ್ನು ತಿಳಿಯಬೇಕಾದರೆ ನಾವು ಬಾಂಗ್ಲಾದೇಶದ ಕಥೆಯನ್ನು ಕೇಳಬೇಕು.

ಮಕ್ಕಳನ್ನು ಉಳಿಸಲು ತೋಡಿದ ಬಾವಿ

ಬಾಂಗ್ಲಾದೇಶ ನದಿಗಳ ನಾಡು. ಅಲ್ಲಿ ನೀರಿಗೆ ಬರವಿಲ್ಲ. ಒಂದು ಕಾಲದಲ್ಲಿ ಹಳ್ಳಿಯ ಜನ ಕೆರೆ, ಹೊಳೆಗಳ ನೀರನ್ನೇ ಕುಡಿಯುತ್ತಿದ್ದರು. ಅದೇ ನೀರಿನಲ್ಲಿ ಸ್ನಾನ, ಅದೇ ನೀರಿನಲ್ಲಿ ದನ ತೊಳೆಯುವುದು. ಪರಿಣಾಮವಾಗಿ ಕಾಲರಾ ಮತ್ತು ವಾಂತಿಭೇದಿಗೆ ಪ್ರತಿ ವರ್ಷ ಲೆಕ್ಕವಿಲ್ಲದಷ್ಟು ಮಕ್ಕಳು ಬಲಿಯಾಗುತ್ತಿದ್ದರು.

1970ರ ದಶಕದಲ್ಲಿ ಅಲ್ಲಿನ ಸರಕಾರವು ಯುನಿಸೆಫ್‌ನ ನೆರವಿನಿಂದ ಹಳ್ಳಿಹಳ್ಳಿಗಳಲ್ಲಿ ಕೈಪಂಪಿನ ಕೊಳವೆ ಬಾವಿಗಳನ್ನು ಹಾಕಿಸತೊಡಗಿತು. ನೆಲದಡಿಯ ನೀರಿನಲ್ಲಿ ರೋಗಾಣುಗಳು ಇರುವುದಿಲ್ಲ, ಅದನ್ನೇ ಕುಡಿಯಿರಿ ಎಂದು ಜನರಿಗೆ ತಿಳಿಹೇಳಿತು. ಜನ ನಂಬಿದರು. ಖರ್ಚು ಕಡಿಮೆಯಿದ್ದುದರಿಂದ ಸ್ವಂತ ಹಣದಿಂದಲೇ ಲಕ್ಷಾಂತರ ಕುಟುಂಬಗಳು ಅಂಗಳದಲ್ಲಿ ಪಂಪು ಹಾಕಿಸಿಕೊಂಡವು. ಅಂಗಳದಲ್ಲೇ ನೀರು ಬಂದುದರಿಂದ ಹೆಂಗಸರ ಹೊರೆ ಇಳಿಯಿತು. ತೀರಿಹೋದ ತಂದೆ ತಾಯಿಯ ಹೆಸರಿನಲ್ಲಿ ಸದಕಾ ಜಾರಿಯಾ ಎಂದು ಬಡವರ ಕೇರಿಗೆ ಬಾವಿ ಹಾಕಿಸಿಕೊಟ್ಟವರೂ ಇದ್ದರು.

ಎಲ್ಲರ ಉದ್ದೇಶವೂ ಒಳ್ಳೆಯದಾಗಿತ್ತು. ಆದರೆ ಆ ನೀರಿನಲ್ಲಿ ಆರ್ಸೆನಿಕ್ ಇದೆಯೇ ಎಂದು ಆಗ ಯಾರೂ ಪರೀಕ್ಷಿಸಿರಲಿಲ್ಲ.

ಅಂಗೈಯಲ್ಲಿ ಕಂಡ ಗುರುತು

1983ರಲ್ಲಿ ಕೋಲ್ಕತಾದ ಸ್ಕೂಲ್ ಆಫ್ ಟ್ರಾಪಿಕಲ್ ಮೆಡಿಸಿನ್‌ನ ಚರ್ಮರೋಗ ತಜ್ಞ ಡಾ. ಕ್ಷಿತೀಶ್ ಚಂದ್ರ ಸಾಹಾ ಅವರ ಬಳಿಗೆ ಹಳ್ಳಿಗಳಿಂದ ಕೆಲವು ರೋಗಿಗಳು ಬಂದರು. ಅವರ ಮೈಮೇಲೆ ಮಳೆಹನಿ ಬಿದ್ದಂತೆ ಕಪ್ಪು-ಬಿಳಿ ಚುಕ್ಕೆಗಳಿದ್ದವು. ಅಂಗೈ, ಅಂಗಾಲುಗಳ ಚರ್ಮ ಗಂಟುಗಂಟಾಗಿ ಗಡುಸಾಗಿತ್ತು. ಇದು ಕುಷ್ಠವಲ್ಲ, ನೀರಿನ ಮೂಲಕ ದೇಹ ಸೇರಿದ ಆರ್ಸೆನಿಕ್‌ನ ಪರಿಣಾಮ ಎಂದು ಅವರು ಗುರುತಿಸಿದರು. ಮುಂದೆ ಜಾದವಪುರ ವಿಶ್ವವಿದ್ಯಾನಿಲಯದ ದೀಪಂಕರ್ ಚಕ್ರವರ್ತಿ ಹಳ್ಳಿಹಳ್ಳಿ ಸುತ್ತಿ ನೀರಿನ ಮಾದರಿ ಸಂಗ್ರಹಿಸಿ, ಈ ಪಿಡುಗು ಎಷ್ಟು ದೂರ ಹಬ್ಬಿದೆ ಎಂದು ಜಗತ್ತಿಗೆ ತೋರಿಸಿಕೊಟ್ಟರು.

ಗಡಿಯಾಚೆ ಬಾಂಗ್ಲಾದೇಶದ ಚಾಪಾಯಿ ನವಾಬ್‌ಗಂಜ್ ಜಿಲ್ಲೆಯ ಬಾವಿಗಳಲ್ಲಿ ಆರ್ಸೆನಿಕ್ ಇರುವುದು ದೃಢಪಟ್ಟದ್ದು 1993ರಲ್ಲಿ. 1998-99ರಲ್ಲಿ ಬ್ರಿಟಿಷ್ ಭೂಗರ್ಭ ಸಮೀಕ್ಷಾ ಸಂಸ್ಥೆ ಮತ್ತು ಅಲ್ಲಿನ ಸರಕಾರಿ ಇಲಾಖೆ ಸೇರಿ 3,500ಕ್ಕೂ ಹೆಚ್ಚು ಬಾವಿಗಳ ನೀರನ್ನು ಪರೀಕ್ಷಿಸಿದವು. ಸುಮಾರು ನಾಲ್ಕರಲ್ಲಿ ಒಂದು ಬಾವಿಯ ನೀರು ಆ ದೇಶದ ಮಿತಿಯನ್ನೂ ಮೀರಿತ್ತು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾದ ಲೇಖನವೊಂದು ಇದನ್ನು ಚರಿತ್ರೆಯಲ್ಲೇ ಅತಿ ದೊಡ್ಡ ಸಾಮೂಹಿಕ ವಿಷಪ್ರಾಶನ ಎಂದು ಕರೆಯಿತು. ಅಪಾಯದಲ್ಲಿರುವವರ ಸಂಖ್ಯೆ ಮೂರೂವರೆ ಕೋಟಿಯಿಂದ ಏಳು ಕೋಟಿ 70 ಲಕ್ಷದವರೆಗೆ ಇರಬಹುದು ಎಂದು ಅದು ಅಂದಾಜಿಸಿತ್ತು.

ಚುಕ್ಕೆ, ಗಂಟುಗಳು ಹೊರಗೆ ಕಾಣುವ ಗುರುತು ಮಾತ್ರ. ದೀರ್ಘಕಾಲ ಈ ನೀರು ಕುಡಿದವರಿಗೆ ಚರ್ಮ, ಶ್ವಾಸಕೋಶ ಮತ್ತು ಮೂತ್ರಕೋಶದ ಕ್ಯಾನ್ಸರ್ ಬರುವ ಸಾಧ್ಯತೆ ಹೆಚ್ಚು. ಹೃದಯಕ್ಕೂ ಪೆಟ್ಟು. ಇದರ ಜೊತೆಗೆ ಸಮಾಜ ಕೊಡುವ ಪೆಟ್ಟು ಬೇರೆ. ಇದು ಅಂಟುರೋಗವಲ್ಲ. ಆದರೂ ಚುಕ್ಕೆ ಬಿದ್ದ ಹೆಣ್ಣುಮಕ್ಕಳಿಗೆ ಮದುವೆಯ ಸಂಬಂಧ ಕೂಡಿಬರಲಿಲ್ಲ. ಮದುವೆಯಾದವರನ್ನು ತವರಿಗೆ ಅಟ್ಟಿದರು. ಇಡೀ ಮನೆಯವರಿಗೆ ನೀರು ಸೇದಿ ಕೊಟ್ಟವಳೇ ಮನೆಯಿಂದ ಹೊರಬೀಳಬೇಕಾಯಿತು.

ವಿಷ ಬಂದದ್ದು ಎಲ್ಲಿಂದ?

ಇದನ್ನು ಯಾವ ಕಾರ್ಖಾನೆಯೂ ಸುರಿದದ್ದಲ್ಲ. ಹಿಮಾಲಯದ ಬಂಡೆಗಳು ಸವೆದು ಬಂದ ಹೂಳನ್ನು ಗಂಗಾ, ಬ್ರಹ್ಮಪುತ್ರ ನದಿಗಳು ಸಾವಿರಾರು ವರ್ಷಗಳಿಂದ ಬಂಗಾಳದ ಬಯಲಿನಲ್ಲಿ ಹರಡಿವೆ. ಆ ಹೂಳಿನ ಕಣಗಳ ಮೇಲೆ ಕಬ್ಬಿಣದ ತುಕ್ಕಿನ ತೆಳುವಾದ ಲೇಪವಿದೆ. ಆರ್ಸೆನಿಕ್ ಆ ತುಕ್ಕಿಗೆ ಅಂಟಿಕೊಂಡಿರುತ್ತದೆ. ನೆಲದಡಿಯಲ್ಲಿ ಕೊಳೆತ ಎಲೆ, ಬೇರುಗಳಿದ್ದು ಗಾಳಿಯ ಆಮ್ಲಜನಕ ಇಲ್ಲದ ಕಡೆ, ಸೂಕ್ಷ್ಮಜೀವಿಗಳು ಆ ತುಕ್ಕನ್ನು ಕರಗಿಸುತ್ತವೆ. ಆಗ ಆರ್ಸೆನಿಕ್ ಬಿಡುಗಡೆಯಾಗಿ ನೀರಿಗೆ ಸೇರುತ್ತದೆ.

ಒಂದು ಮಾತನ್ನು ನೆನಪಿಡಿ. ಆರ್ಸೆನಿಕ್‌ಗೆ ತುಕ್ಕಿನ ಮೇಲೆ ಬಹಳ ಸೆಳೆತ. ತುಕ್ಕು ಕರಗಿದಾಗ ಅದು ನೀರಿಗೆ ಬಂತು. ಹೊಸ ತುಕ್ಕನ್ನು ಎದುರಿಗೆ ಇಟ್ಟರೆ ಮತ್ತೆ ಅದಕ್ಕೇ ಹೋಗಿ ಅಂಟುತ್ತದೆ. ಆರ್ಸೆನಿಕ್ ತೆಗೆಯುವ ಹೆಚ್ಚಿನ ವಿಧಾನಗಳ ಗುಟ್ಟು ಇದರಲ್ಲಿಯೇ ಇದೆ.

ಮೊದಲ ದಾರಿ: ಕೆಂಪು ಮತ್ತು ಹಸಿರು

ನೀರನ್ನು ಶುದ್ಧೀಕರಿಸುವ ಮುನ್ನ ಇನ್ನೊಂದು ಸುಲಭದ ದಾರಿಯಿದೆ. ಬಂಗಾಳದಲ್ಲಿ ಒಂದು ಬಾವಿಯಲ್ಲಿ ವಿಷವಿದ್ದರೆ ನೂರು ಹೆಜ್ಜೆಯಾಚೆಯ ಬಾವಿಯಲ್ಲಿ ಇಲ್ಲದಿರಬಹುದು. ಸಾಮಾನ್ಯವಾಗಿ 150 ಮೀಟರ್‌ಗಿಂತ ಆಳದ ಬಾವಿಗಳು ಅಲ್ಲಿ ಸುರಕ್ಷಿತ. ಆದ್ದರಿಂದ ಪ್ರತಿ ಬಾವಿಯನ್ನೂ ಪರೀಕ್ಷಿಸಲೇಬೇಕು.

2000ದಿಂದ 2003ರ ಅವಧಿಯಲ್ಲಿ ಬಾಂಗ್ಲಾದೇಶದಲ್ಲಿ ಸುಮಾರು 50 ಲಕ್ಷ ಕೈಪಂಪುಗಳ ನೀರನ್ನು ಸ್ಥಳದಲ್ಲೇ ಪರೀಕ್ಷಿಸಿದರು. ಬಾಟಲಿಯಲ್ಲಿ ನೀರು ತುಂಬಿ ಪುಡಿ ಬೆರೆಸಿದರೆ, ಮೇಲೆ ಇಟ್ಟ ಕಾಗದದ ಪಟ್ಟಿ ಹಳದಿ ಅಥವಾ ಕಂದು ಬಣ್ಣಕ್ಕೆ ತಿರುಗುತ್ತದೆ. ಬಣ್ಣ ಗಾಢವಾದಷ್ಟೂ ವಿಷ ಹೆಚ್ಚು. ಮಿತಿ ಮೀರಿದ ಪಂಪಿಗೆ ಕೆಂಪು ಬಣ್ಣ, ಸುರಕ್ಷಿತ ಪಂಪಿಗೆ ಹಸಿರು ಬಣ್ಣ ಬಳಿದರು. ಓದು ಬಾರದವರಿಗೂ ಇದು ಅರ್ಥವಾಗುತ್ತಿತ್ತು. ಕೆಂಪು ಪಂಪಿನ ನೀರಿನಲ್ಲಿ ಸ್ನಾನ ಮಾಡಬಹುದು, ಬಟ್ಟೆ ಒಗೆಯಬಹುದು. ಚರ್ಮದ ಮೂಲಕ ಆರ್ಸೆನಿಕ್ ಅಷ್ಟಾಗಿ ಒಳಹೋಗುವುದಿಲ್ಲ. ಕುಡಿಯಲು ಮತ್ತು ಅಡುಗೆಗೆ ಮಾತ್ರ ಹಸಿರು ಪಂಪು.

ಎಷ್ಟೋ ಕುಟುಂಬಗಳು ಹೀಗೆ ಬಾವಿ ಬದಲಿಸಿ ಪಾರಾದವು. ಆದರೆ ನೆರೆಯ ಮನೆಯ ಅಂಗಳಕ್ಕೆ ದಿನಕ್ಕೆ ನಾಲ್ಕು ಸಲ ಕೊಡ ಹೊತ್ತು ಹೋಗುವುದು ಎಲ್ಲ ಹೆಂಗಸರಿಗೂ ಸಾಧ್ಯವಾಗಲಿಲ್ಲ. ಕಾಲಕ್ರಮೇಣ ಬಣ್ಣ ಮಾಸಿತು. ಆಮೇಲೆ ಹಾಕಿಸಿದ ಹೊಸ ಪಂಪುಗಳಲ್ಲಿ ಬಹಳಷ್ಟನ್ನು ಯಾರೂ ಪರೀಕ್ಷಿಸಲಿಲ್ಲ. ಕೆಲವು ಹಳ್ಳಿಗಳಲ್ಲಿ ಹಸಿರು ಪಂಪೇ ಇರಲಿಲ್ಲ. ಅಂಥವರಿಗೆ ನೀರಿನಿಂದ ವಿಷ ತೆಗೆಯುವುದೊಂದೇ ದಾರಿ.

ತುಕ್ಕೇ ಮದ್ದು

ನೀರಿನಲ್ಲಿ ಆರ್ಸೆನಿಕ್ ಎರಡು ರೂಪದಲ್ಲಿ ಇರುತ್ತದೆ. ಒಂದು ರೂಪ ವಿದ್ಯುದಂಶವುಳ್ಳದ್ದು. ಅದು ಬೇಗ ಬಲೆಗೆ ಬೀಳುತ್ತದೆ. ಇನ್ನೊಂದಕ್ಕೆ ವಿದ್ಯುದಂಶವಿಲ್ಲ, ಹಾಗಾಗಿ ಜಾರಿಕೊಳ್ಳುತ್ತದೆ. ಕೊಳವೆ ಬಾವಿಯ ನೀರಿನಲ್ಲಿ ಈ ಜಾರುವ ರೂಪವೇ ಹೆಚ್ಚು. ಆದ್ದರಿಂದ ಮೊದಲು ಕ್ಲೋರಿನ್ ಅಥವಾ ಪೊಟ್ಯಾಸಿಯಂ ಪರ್ಮಾಂಗನೇಟ್ ಬೆರೆಸಿ ಅದನ್ನು ಮೊದಲ ರೂಪಕ್ಕೆ ತರಬೇಕು. ಬಳಿಕ ಹಿಡಿಯಬೇಕು. ಹಿಡಿಯುವ ಮುಖ್ಯ ವಿಧಾನಗಳು ಇವು:

ಹೆಪ್ಪುಗಟ್ಟಿಸಿ ಸೋಸುವುದು: ನೀರಿಗೆ ಕಬ್ಬಿಣದ ಲವಣ ಅಥವಾ ಪಟಿಕ ಬೆರೆಸಿ ಕಲಕಿದರೆ ಹತ್ತಿಯಂತಹ ಸಣ್ಣ ಹೆಪ್ಪುಗಳಾಗುತ್ತವೆ. ಆರ್ಸೆನಿಕ್ ಅವಕ್ಕೆ ಅಂಟಿ ತಳಕ್ಕೆ ಇಳಿಯುತ್ತದೆ. ಮೇಲಿನ ನೀರನ್ನು ಮರಳಿನಲ್ಲಿ ಸೋಸಬೇಕು. ಪಟಿಕಕ್ಕಿಂತ ಕಬ್ಬಿಣದ ಲವಣ ಹೆಚ್ಚು ಪರಿಣಾಮಕಾರಿ. ಪ್ರಮಾಣ ತಪ್ಪಿದರೆ ಮಾತ್ರ ಕೆಲಸ ಕೆಡುತ್ತದೆ.

ಹೀರುವ ಹರಳುಗಳು: ಆಕ್ಟಿವೇಟೆಡ್ ಅಲ್ಯೂಮಿನಾ ಅಥವಾ ಕಬ್ಬಿಣದ ಹೈಡ್ರಾಕ್ಸೈಡ್ ಹರಳುಗಳನ್ನು ತುಂಬಿದ ಕೊಳವೆಯ ಮೂಲಕ ನೀರು ಹಾಯಿಸುವುದು. ಹರಳಿನ ಮೈ ತುಂಬಿದ ಮೇಲೆ ಅದು ಹೀರುವುದಿಲ್ಲ. ಆಗ ತೊಳೆದು ಮತ್ತೆ ಸಿದ್ಧಗೊಳಿಸಬೇಕು ಅಥವಾ ಬದಲಿಸಬೇಕು.

ಆರ್.ಓ. ಯಂತ್ರ: ಒತ್ತಡದಿಂದ ನೀರನ್ನು ಪೊರೆಯ ಮೂಲಕ ದಾಟಿಸುವುದು. ವಿದ್ಯುತ್ ಬೇಕು, ನೀರು ಪೋಲಾಗುತ್ತದೆ. ಜಾರುವ ರೂಪದ ಆರ್ಸೆನಿಕ್ ಇದರಲ್ಲಿಯೂ ಸ್ವಲ್ಪ ನುಸುಳಬಹುದು. ಹೊರಚೆಲ್ಲುವ ನೀರಿನಲ್ಲಿ ವಿಷ ಇನ್ನಷ್ಟು ಗಟ್ಟಿಯಾಗಿರುವುದರಿಂದ ಅದನ್ನು ಅಡುಗೆಗೆ ಬಳಸಲೇಬಾರದು.

ಕಬ್ಬಿಣದ ಮೊಳೆ: ನೇಪಾಳದ ತರಾಯಿ ಪ್ರದೇಶಕ್ಕಾಗಿ ಅಲ್ಲಿನ ಸಂಸ್ಥೆಯೊಂದು ಅಮೆರಿಕದ ಎಂ.ಐ.ಟಿ.ಯ ಜೊತೆ ಸೇರಿ ರೂಪಿಸಿದ ಕಾಂಚನ್ ಫಿಲ್ಟರ್‌ನಲ್ಲಿ ಮರಳಿನ ಮೇಲೆ ಸಾಮಾನ್ಯ ಕಬ್ಬಿಣದ ಮೊಳೆಗಳನ್ನು ಹರಡುತ್ತಾರೆ. ಮೊಳೆ ತುಕ್ಕು ಹಿಡಿಯುತ್ತದೆ, ತುಕ್ಕು ಆರ್ಸೆನಿಕ್ಕನ್ನು ಹಿಡಿಯುತ್ತದೆ, ಮರಳು ತುಕ್ಕನ್ನು ತಡೆಯುತ್ತದೆ.

ಚೆನ್ನೈಯ ಐ.ಐ.ಟಿ.ಯ ಪ್ರೊಫೆಸರ್ ಟಿ. ಪ್ರದೀಪ್ ಅವರ ತಂಡ ಕಬ್ಬಿಣದ ಇದೇ ಗುಣವನ್ನು ಬಳಸಿ, ಅತಿ ಸೂಕ್ಷ್ಮ ರಚನೆಯ ಅಮೃತ್ ಎಂಬ ಶೋಧಕವನ್ನು ತಯಾರಿಸಿದೆ.

ಎರಡು ಬಕೆಟ್‌ಗಳ ಸೋನೋ

ಇವುಗಳಲ್ಲಿ ಹೆಚ್ಚು ಹೆಸರಾದದ್ದು ಸೋನೋ ಫಿಲ್ಟರ್. ಇದನ್ನು ರೂಪಿಸಿದವರು ಅಬುಲ್ ಹುಸ್ಸಾಂ. ಬಾಂಗ್ಲಾದೇಶದ ಕುಷ್ಟಿಯಾ ಅವರ ಹುಟ್ಟೂರು. ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾನಿಲಯದಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕರು. ಊರಿನ ನೀರನ್ನು ಪರೀಕ್ಷಿಸಲು ಹೊರಟಾಗ ತಮ್ಮ ಮನೆತನದ ಬಾವಿಯಲ್ಲೇ ಆರ್ಸೆನಿಕ್ ಇರುವುದು ಅವರಿಗೆ ಗೊತ್ತಾಯಿತು. ಊರಿನಲ್ಲೇ ಇದ್ದ ಸಹೋದರನ ಜೊತೆ ಸೇರಿ ಅವರು ವರ್ಷಗಟ್ಟಲೆ ಪ್ರಯೋಗ ನಡೆಸಿದರು.

ಮೊದಲು ಮಾಡಿದ್ದು ಒಂದರ ಮೇಲೊಂದು ಇಟ್ಟ ಮೂರು ಮಣ್ಣಿನ ಕೊಡಗಳ ಫಿಲ್ಟರ್. ಬಂಗಾಳದ ಮನೆಗಳಲ್ಲಿ ನೀರಿನಲ್ಲಿರುವ ಕಬ್ಬಿಣದ ಕೆಸರನ್ನು ಸೋಸಲು ಇಂತಹ ಕೊಡಗಳನ್ನು ಮೊದಲೂ ಬಳಸುತ್ತಿದ್ದರು. ಮುಂದೆ ಅದೇ ಸೋನೋ ಆಯಿತು. ಮೇಲಿನ ಬಕೆಟ್‌ನಲ್ಲಿ ಹೊಳೆಯ ಮರಳು ಮತ್ತು ವಿಶೇಷವಾಗಿ ಸಂಸ್ಕರಿಸಿದ ಕಬ್ಬಿಣದ ಪದರ. ಕೆಳಗಿನದರಲ್ಲಿ ಮರಳು, ಇದ್ದಿಲು ಮತ್ತು ಇಟ್ಟಿಗೆಯ ಚೂರು. ವಿದ್ಯುತ್ ಬೇಡ, ದಿನವೂ ಮದ್ದು ಹಾಕುವುದು ಬೇಡ. ಮೇಲೆ ಸುರಿದ ನೀರು ಕೆಳಗಿನ ನಲ್ಲಿಯಲ್ಲಿ ಶುದ್ಧವಾಗಿ ಬರುತ್ತದೆ.

2007ರಲ್ಲಿ ಅಮೆರಿಕದ ರಾಷ್ಟ್ರೀಯ ಎಂಜಿನಿಯರಿಂಗ್ ಅಕಾಡೆಮಿಯು ಇದಕ್ಕೆ ಹತ್ತು ಲಕ್ಷ ಡಾಲರ್‌ಗಳ ಗ್ರೇಂಜರ್ ಪ್ರಶಸ್ತಿಯನ್ನು ನೀಡಿತು. ಹುಸ್ಸಾಂ ಅದರ ಬಹುಪಾಲನ್ನು ಬಡವರಿಗೆ ಫಿಲ್ಟರ್ ಒದಗಿಸಲು ಮೀಸಲಿಟ್ಟರು.

ಅದೇ ವರ್ಷ ಎರಡನೆಯ ಬಹುಮಾನ ಪಡೆದವರು ಅರೂಪ್ ಸೇನ್‌ಗುಪ್ತಾ ಮತ್ತು ಸಂಗಡಿಗರು. ಇವರು ಪಶ್ಚಿಮ ಬಂಗಾಳದ ಹಳ್ಳಿಗಳಲ್ಲಿ ಕೈಪಂಪಿಗೇ ಶೋಧಕ ಜೋಡಿಸಿದರು. ಮುಖ್ಯವಾಗಿ ಊರಿನವರ ಸಮಿತಿ ರಚಿಸಿ, ತಿಂಗಳಿಗಿಷ್ಟು ಎಂದು ಮನೆಮನೆಯಿಂದ ಸಣ್ಣ ವಂತಿಗೆ ಸಂಗ್ರಹಿಸಿ, ನೋಡಿಕೊಳ್ಳುವವರನ್ನು ನೇಮಿಸಿದರು.

ಸೋತದ್ದು ಎಲ್ಲಿ?

ಈ ಕೊನೆಯ ಮಾತು ಸಣ್ಣದೆನಿಸಬಹುದು. ಆದರೆ ಇಡೀ ವಿಷಯದ ಜೀವಾಳ ಅದೇ. ಜಾದವಪುರದ ತಂಡವು ಪಶ್ಚಿಮ ಬಂಗಾಳದಲ್ಲಿ 11 ತಯಾರಕರ 19 ಶುದ್ಧೀಕರಣ ಘಟಕಗಳನ್ನು ಎರಡು ವರ್ಷ ಸತತವಾಗಿ ಗಮನಿಸಿ, 2005ರಲ್ಲಿ ಫಲಿತಾಂಶ ಪ್ರಕಟಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ಒಂದು ಮೈಕ್ರೋಗ್ರಾಂ ಎಂದರೆ ಒಂದು ಗ್ರಾಂನ ಹತ್ತು ಲಕ್ಷದಲ್ಲೊಂದು ಭಾಗ. ಆ ಮಿತಿಯೊಳಗೆ ಸದಾಕಾಲ ನೀರು ಕೊಟ್ಟ ಘಟಕ 19ರಲ್ಲಿ ಒಂದೂ ಇರಲಿಲ್ಲ!

ಪ್ರಯೋಗಾಲಯದಲ್ಲಿ ಗೆದ್ದ ಯಂತ್ರಗಳು ಹಳ್ಳಿಯಲ್ಲಿ ಸೋತದ್ದೇಕೆ? ಶೋಧಕವನ್ನು ಕಾಲಕಾಲಕ್ಕೆ ತೊಳೆಯಬೇಕು. ಹೀರುವ ಹರಳನ್ನು ಬದಲಿಸಬೇಕು. ಹೊರಬಂದ ನೀರನ್ನು ಆಗಾಗ ಪರೀಕ್ಷಿಸಬೇಕು. ಇವನ್ನು ಮಾಡುವವರು ಯಾರು ಎಂಬುದು ತೀರ್ಮಾನವಾಗದ ಕಡೆ ಯಂತ್ರ ಕೆಲವೇ ತಿಂಗಳಲ್ಲಿ ಬರೀ ಅಲಂಕಾರವಾಗುತ್ತದೆ. ಅದರಿಂದ ನೀರೇನೋ ಬರುತ್ತಲೇ ಇರುತ್ತದೆ. ಜನ ನಂಬಿ ಕುಡಿಯುತ್ತಲೇ ಇರುತ್ತಾರೆ. ಫಿಲ್ಟರ್ ಇಲ್ಲದ ಮನೆಯವರಿಗೆ ಅಪಾಯದ ಅರಿವಾದರೂ ಇರುತ್ತದೆ. ಕೆಟ್ಟ ಫಿಲ್ಟರ್ ಇರುವ ಮನೆಯವರಿಗೆ ಅದೂ ಇರುವುದಿಲ್ಲ.

ಇನ್ನೊಂದು ತೊಡಕು, ತೆಗೆದ ವಿಷವನ್ನು ಎಸೆಯುವುದೆಲ್ಲಿ ಎಂಬುದು. ಫಿಲ್ಟರಿನ ಕೆಸರನ್ನು ಕೆರೆಗೋ ತರಕಾರಿ ಪಾತಿಗೋ ಸುರಿದರೆ ಅದು ಸುತ್ತಿ ಬಳಸಿ ಮತ್ತೆ ನಮ್ಮ ತಟ್ಟೆಗೇ ಬರಬಹುದು. ಅದನ್ನು ಬೇರೆಯಾಗಿಯೇ ಸಂಗ್ರಹಿಸಿಡಬೇಕು.

ನಮ್ಮ ಮನೆ ಬಾಗಿಲಲ್ಲಿ

ಇದು ದೂರದ ಬಂಗಾಳದ ಕಥೆ, ನಮಗೇನು ಎಂದುಕೊಳ್ಳಬೇಡಿ. ನಮ್ಮದೇ ಯಾದಗಿರಿ ಜಿಲ್ಲೆಯ ಸುರಪುರ ತಾಲೂಕಿನ ಕಿರದಳ್ಳಿ ತಾಂಡಾದಲ್ಲಿ ಜನರ ಅಂಗೈ ಅಂಗಾಲುಗಳಲ್ಲಿ ಇದೇ ಗುರುತುಗಳು ಕಂಡವು. ಕ್ಯಾನ್ಸರ್ ಬಂದವರೂ ಇದ್ದರು. ದೀಪಂಕರ್ ಚಕ್ರವರ್ತಿಯವರ ತಂಡ ಇಲ್ಲಿಗೂ ಬಂದು ನಡೆಸಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಇಲ್ಲಿನ ಕಾರಣ ನದಿಯ ಹೂಳಲ್ಲ. ಚಿನ್ನವಿರುವ ಬಂಡೆಗಳಲ್ಲಿ ಆರ್ಸೆನಿಕ್ ಕೂಡ ಇರುತ್ತದೆ. ಈ ತಾಂಡಾ ಇರುವುದು ಹಿಂದೆ ಚಿನ್ನದ ಗಣಿಗಾರಿಕೆ ನಡೆದ ಮಂಗಳೂರು ಎಂಬ ಊರಿನ ಹತ್ತಿರ. ಇದು ಕರಾವಳಿಯ ಮಂಗಳೂರಲ್ಲ, ಸುರಪುರ ಸೀಮೆಯದು.

ಹಾಗೆಂದು ನಾಡಿನ ಎಲ್ಲ ಬಾವಿಗಳಿಗೂ ಹೆದರಬೇಕಾಗಿಲ್ಲ. ನಮ್ಮ ಒಳನಾಡಿನ ಬಹಳಷ್ಟು ಕಡೆ ಕೊಳವೆ ಬಾವಿಯ ಮುಖ್ಯ ತೊಂದರೆ ಫ್ಲೋರೈಡ್. ಆದರೆ ಅದು ಕೂಡ ಕಣ್ಣಿಗೆ ಕಾಣುವುದಿಲ್ಲ, ಕುದಿಸಿದರೆ ಹೋಗುವುದಿಲ್ಲ. ಎರಡಕ್ಕೂ ಮೊದಲ ಹೆಜ್ಜೆ ಒಂದೇ, ಪರೀಕ್ಷೆ.

ಮನೆಯವರು ಗಮನಿಸಿ

* ಕೊಳವೆ ಬಾವಿಯ ನೀರು ಕುಡಿಯುವವರು ಜಿಲ್ಲೆಯ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಮಾದರಿ ಕೊಟ್ಟು ಪರೀಕ್ಷಿಸಿಕೊಳ್ಳಿ. ಆರ್ಸೆನಿಕ್ ಮತ್ತು ಫ್ಲೋರೈಡ್ ಎರಡನ್ನೂ ನೋಡಬೇಕೆಂದು ಕೇಳಿ.
* ಆರ್ಸೆನಿಕ್ ಇರುವ ನೀರನ್ನು ಕುದಿಸಬೇಡಿ. ನೀರು ಆವಿಯಾಗುತ್ತದೆ, ವಿಷ ಪಾತ್ರೆಯಲ್ಲೇ ಉಳಿಯುತ್ತದೆ.
* ಬಟ್ಟೆಯಲ್ಲಿ ಸೋಸುವುದು, ಕ್ಯಾಂಡಲ್ ಫಿಲ್ಟರ್, ಯು.ವಿ. ದೀಪದ ಯಂತ್ರ, ಬರೀ ಕ್ಲೋರಿನ್ ಮಾತ್ರೆ ಇವು ಆರ್ಸೆನಿಕ್ಕನ್ನು ತೆಗೆಯುವುದಿಲ್ಲ.
* ಆ ನೀರಿನಲ್ಲಿ ಅನ್ನ ಬೇಯಿಸಿದರೆ ವಿಷ ಅನ್ನಕ್ಕೂ ಸೇರುತ್ತದೆ. ಕುಡಿಯಲು ಮಾತ್ರವಲ್ಲ, ಅಡುಗೆಗೂ ಒಳ್ಳೆಯ ನೀರೇ ಆಗಬೇಕು.
* ಮಳೆನೀರಿನಲ್ಲಿ ಈ ವಿಷದ ಭಯವಿಲ್ಲ. ಶುಚಿಯಾಗಿ ಸಂಗ್ರಹಿಸಿ, ಕುದಿಸಿ ಕುಡಿಯಬಹುದು.
* ಫಿಲ್ಟರ್ ಕೊಳ್ಳುವಾಗ ಆರ್ಸೆನಿಕ್ ತೆಗೆಯುತ್ತದೆಯೇ, ಒಳಗಿನದನ್ನು ಎಷ್ಟು ದಿನಕ್ಕೆ ಬದಲಿಸಬೇಕು, ಬದಲಿಸುವವರು ಯಾರು ಎಂದು ವಿಚಾರಿಸಿ. ಬದಲಿಸಿದ ದಿನಾಂಕವನ್ನು ಅದರ ಮೇಲೆಯೇ ಬರೆದಿಡಿ.
* ಚುಕ್ಕೆ, ಗಂಟು ಕಂಡವರನ್ನು ದೂರವಿಡಬೇಡಿ. ಅದು ಒಬ್ಬರಿಂದ ಇನ್ನೊಬ್ಬರಿಗೆ ಹರಡುವುದಿಲ್ಲ. ಅವರನ್ನು ವೈದ್ಯರಿಗೆ ತೋರಿಸಿ, ಮೊದಲು ಅವರ ನೀರನ್ನು ಬದಲಿಸಿ.

ದಾನಿಗಳಿಗೆ ಒಂದು ಮಾತು. ಬಾಯಾರಿದವರಿಗೆ ನೀರು ಕೊಡುವುದು ದೊಡ್ಡ ಪುಣ್ಯದ ಕೆಲಸ. ನಮ್ಮಲ್ಲಿಯೂ ಎಷ್ಟೋ ಕುಟುಂಬಗಳು, ಸಂಘಗಳು ಬಡ ಕಾಲೊನಿಗಳಿಗೆ, ಮಸೀದಿ ಮದ್ರಸಗಳಿಗೆ ಬೋರ್‌ವೆಲ್ ಹಾಕಿಸಿಕೊಡುತ್ತವೆ. ನೀರು ಚಿಮ್ಮಿದ ದಿನ ಫೋಟೋ ತೆಗೆದು ಹಿಂತಿರುಗಿದರೆ ಕೆಲಸ ಮುಗಿಯಿತೆಂದು ಅರ್ಥವಲ್ಲ. ಆ ಖರ್ಚಿನ ಎದುರು ನೀರಿನ ಪರೀಕ್ಷೆಗೆ ತಗಲುವ ಹಣ ಏನೂ ಅಲ್ಲ. ಪರೀಕ್ಷೆಯ ವರದಿಯನ್ನೂ ಬಾವಿಯ ಜೊತೆಗೆ ದಾನ ಮಾಡಿ. ಫಿಲ್ಟರ್ ಕೊಡುವುದಾದರೆ ಅದನ್ನು ನೋಡಿಕೊಳ್ಳುವ ವ್ಯವಸ್ಥೆಯನ್ನೂ ಸೇರಿಸಿ ಕೊಡಿ.

ತಡವಾಗಿಲ್ಲ

ದೇಹ ಸೇರಿದ ಆರ್ಸೆನಿಕ್‌ನ ಹಾನಿಗೆ ಖಚಿತವಾದ ಔಷಧಿ ಇಲ್ಲ. ಹಾಗಾದರೆ ವರ್ಷಾನುಗಟ್ಟಲೆ ಆ ನೀರು ಕುಡಿದವರ ಗತಿಯೇನು? ಬಾಂಗ್ಲಾದೇಶದ ಅರೈಹಜಾರ್ ಎಂಬಲ್ಲಿ ವಿಜ್ಞಾನಿಗಳು ಸುಮಾರು 11 ಸಾವಿರ ಮಂದಿಯ ಆರೋಗ್ಯವನ್ನು ಇಪ್ಪತ್ತು ವರ್ಷ ಹಿಂಬಾಲಿಸಿದರು. ಆ ಅಧ್ಯಯನದ ಫಲಿತಾಂಶ 2025ರಲ್ಲಿ ಪ್ರಕಟವಾಯಿತು. ಮೊದಲು ಹೆಚ್ಚು ಆರ್ಸೆನಿಕ್ ಕುಡಿಯುತ್ತಿದ್ದು ಬಳಿಕ ಒಳ್ಳೆಯ ನೀರಿಗೆ ಬದಲಾದವರಲ್ಲಿ, ಬದಲಾಗದೆ ಉಳಿದವರಿಗಿಂತ ಹೃದ್ರೋಗ, ಕ್ಯಾನ್ಸರ್‌ಗಳಂತಹ ದೀರ್ಘ ಕಾಯಿಲೆಗಳ ಸಾವು ಅರ್ಧದಷ್ಟು ಕಡಿಮೆಯಾಗಿತ್ತು. ಮೊದಲಿನಿಂದಲೂ ಒಳ್ಳೆಯ ನೀರು ಕುಡಿದವರ ಹತ್ತಿರಕ್ಕೆ ಅವರು ಬಂದಿದ್ದರು.

ಇದಕ್ಕಿಂತ ಒಳ್ಳೆಯ ಸುದ್ದಿ ಬೇಕೇ? ಹತ್ತು ವರ್ಷ ಕುಡಿದಾಯಿತು, ಇನ್ನೇನು ಪ್ರಯೋಜನ ಎಂದು ಕೈಚೆಲ್ಲಬೇಕಾಗಿಲ್ಲ. ಕೊಡವನ್ನು ಇಂದು ಒಳ್ಳೆಯ ಪಂಪಿನ ಕೆಳಗೆ ಇಟ್ಟರೂ ಜೀವ ಉಳಿಯುತ್ತದೆ. ಆದರೆ ಒಳ್ಳೆಯ ಪಂಪು ಯಾವುದೆಂದು ನೀರಿನ ಬಣ್ಣ ಹೇಳುವುದಿಲ್ಲ, ರುಚಿ ಹೇಳುವುದಿಲ್ಲ. ಪರೀಕ್ಷೆ ಮಾತ್ರ ಹೇಳುತ್ತದೆ. ನಾವು ಮಕ್ಕಳಿಗೆ ದಿನವೂ ಕೊಡುತ್ತಿರುವ ನೀರನ್ನು ಒಮ್ಮೆಯಾದರೂ ಪರೀಕ್ಷಿಸಿದ್ದೇವೆಯೇ?